ಸಮುದ್ರದ ನೀರು ಮಾರಿದ ಊರು

ನಮ್ಮ ಮನೆಯಲ್ಲಿ ಗುರುವಾರ ರಾತ್ರಿ ಊಟವಾದ ಮೇಲೆ ದಾದಿ ಎಣ್ಣೆ ಬಟ್ಟಲು ಹಿಡಿದು ಗೋಡೆಗೆ ಒರಗಿ ಕೂರುತ್ತಾರೆ. (ದಾದಿ ಎಂದರೆ ನರ್ಸ್ ಅಲ್ಲ, ನಮ್ಮ ಅಬ್ಬಾನ ತಾಯಿ. ಕನ್ನಡ ಮೇಡಂ ಒಮ್ಮೆ ನನ್ನ ಪ್ರಬಂಧದಲ್ಲಿ ಇದಕ್ಕೆ ಕೆಂಪು ಗೆರೆ ಎಳೆದಿದ್ದರು.) ಮೊಮ್ಮಕ್ಕಳು ಒಬ್ಬೊಬ್ಬರಾಗಿ ಹೋಗಿ ಅವರ ಮುಂದೆ ನೆಲದ ಮೇಲೆ ಕೂರಬೇಕು. ತಲೆಗೆ ಎಣ್ಣೆ ಸುರಿದು, ಬೆರಳುಗಳಿಂದ ಒತ್ತಿ ಒತ್ತಿ ತಿಕ್ಕುತ್ತಾರೆ. ಇದಕ್ಕೆ ನಾವು ಚಂಪಿ ಎನ್ನುತ್ತೇವೆ. ಶುಕ್ರವಾರ ಬೆಳಿಗ್ಗೆ ಆ ಎಣ್ಣೆ ತೊಳೆಯಲು ಮೂಲೆಯ ಅಂಗಡಿಯಿಂದ ಶಾಂಪೂ ಪೊಟ್ಟಣ ತರುತ್ತೇವೆ. ಚಂಪಿ, ಶಾಂಪೂ ಎರಡೂ ಒಂದೇ ಬೇರಿನಿಂದ ಬಂದ ಪದಗಳೆಂದು ನನಗೆ ತಿಳಿದದ್ದು ಈ ವರ್ಷವೇ. ಆ ಪದವನ್ನು ಇಂಗ್ಲಿಷರ ನಾಲಿಗೆಗೆ ರೂಢಿ ಮಾಡಿಸಿದವರು ಪಟ್ನಾದ ಮುಸ್ಲಿಂ ಮನೆತನದಲ್ಲಿ ಹುಟ್ಟಿದ ಒಬ್ಬ ವ್ಯಾಪಾರಿ. ಅವರು ಅಂಗಡಿ ತೆರೆದದ್ದು ಬ್ರೈಟನ್ ಎಂಬ ಊರಿನಲ್ಲಿ. ಅವರನ್ನು ಹುಡುಕುತ್ತಾ ಹೋಗಿ ನಾನು ಆ ಊರಿನ ಕಥೆಯಲ್ಲೇ ಸಿಕ್ಕಿಹಾಕಿಕೊಂಡೆ.

ಬ್ರೈಟನ್ ಇರುವುದು ಲಂಡನ್ನಿನ ದಕ್ಷಿಣಕ್ಕೆ ಸುಮಾರು 80 ಕಿ.ಮೀ. ದೂರದಲ್ಲಿ, ಸಸೆಕ್ಸ್ ಎಂಬ ಸೀಮೆಯ ಕಡಲ ತೀರದಲ್ಲಿ. ಎದುರಿಗೆ ಕಡಲ್ಗಾಲುವೆ, ಅದರ ಆಚೆ ದಡ ಫ್ರಾನ್ಸ್. ಕಾಮರ್ಸ್ ವಿದ್ಯಾರ್ಥಿಯ ಕಣ್ಣಿನಿಂದ ನೋಡಿದರೆ ಈ ಊರಿನ ಬಂಡವಾಳ ತುಂಬ ವಿಚಿತ್ರ. ಹಡಗು ನಿಲ್ಲಲು ಸಹಜವಾದ ಬಂದರಿಲ್ಲ. ಕಲ್ಲಿದ್ದಲಿಲ್ಲ, ಕಬ್ಬಿಣವಿಲ್ಲ, ದೊಡ್ಡ ನದಿಯಿಲ್ಲ. ಸಮುದ್ರತೀರದ ಊರು ಎನ್ನುತ್ತಾರೆ, ದಡದಲ್ಲಿ ಸರಿಯಾದ ಮರಳೂ ಇಲ್ಲ, ಬರೀ ಉರುಟು ಕಲ್ಲುಗಳು. ಆದರೂ ಸುಮಾರು 250 ವರ್ಷಗಳಿಂದ ಜನ ಕೈಯಲ್ಲಿ ಹಣ ಹಿಡಿದು ಅಲ್ಲಿಗೆ ಹೋಗುತ್ತಿದ್ದಾರೆ. ಏನು ಕೊಳ್ಳಲು?

ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಎಂಬ ಅಧ್ಯಾಯವಿದೆಯಲ್ಲ, ಕಣ್ಣಿಗೆ ಕಾಣದ, ಕೈಗೆ ಸಿಗದ, ಆದರೆ ಬೆಲೆ ಇರುವ ಆಸ್ತಿ. ಒಂದು ಇಡೀ ಊರು ಅದರ ಮೇಲೆಯೇ ನಿಂತಿದ್ದರೆ ಹೇಗಿರುತ್ತದೆ ಎಂಬುದಕ್ಕೆ ಬ್ರೈಟನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮೊದಲು ಅದು ಮೀನುಗಾರರ ಹಳ್ಳಿ. 1086ರಲ್ಲಿ ಇಂಗ್ಲೆಂಡಿನ ರಾಜ ಮಾಡಿಸಿದ ಜಮೀನು ಲೆಕ್ಕದ ಪುಸ್ತಕದಲ್ಲಿ ಈ ಊರಿನ ಬಾಬ್ತು 4,000 ಹೆರಿಂಗ್ ಮೀನು ಎಂದು ಬರೆದಿದೆ. ಹೆರಿಂಗ್ ನಮ್ಮ ಬೂತಾಯಿಯ ನೆಂಟ. ಗೇಣಿಯನ್ನು ಮೀನಿನ ಲೆಕ್ಕದಲ್ಲಿ ಕೊಡುತ್ತಿದ್ದ ಊರು ಎಂದಾಯಿತು. 1514ರಲ್ಲಿ ಫ್ರೆಂಚರು ಹಡಗಿನಲ್ಲಿ ಬಂದು ಊರಿಗೆ ಬೆಂಕಿ ಇಟ್ಟರು. ಉಳಿದದ್ದನ್ನು ಸಮುದ್ರ ನೋಡಿಕೊಂಡಿತು. 1703 ಮತ್ತು 1705ರ ಬಿರುಗಾಳಿಗಳಲ್ಲಿ ದಡದ ಕೆಳಗಿನ ಕೇರಿ ಪೂರ್ತಿ ಹಾಳಾಯಿತು. ‘ರಾಬಿನ್ಸನ್ ಕ್ರೂಸೋ’ ಬರೆದ ಡೇನಿಯಲ್ ಡೆಫೊ 1720ರ ದಶಕದ ತನ್ನ ಪ್ರವಾಸ ಕಥನದಲ್ಲಿ ಈ ಊರಿನ ಬಗ್ಗೆ ಒಂದು ಮಾತು ಹೇಳುತ್ತಾನೆ. ಕೆಲವೇ ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಮನೆಗಳನ್ನು ಸಮುದ್ರ ನುಂಗಿದೆಯಂತೆ. ತಡೆಗೋಡೆ ಕಟ್ಟಲು 8,000 ಪೌಂಡ್ ಬೇಕೆಂದು ಊರವರು ದೇಶದಲ್ಲೆಲ್ಲ ಚಂದಾ ಎತ್ತುತ್ತಿದ್ದಾರಂತೆ. ಆದರೆ ಊರನ್ನು ನೋಡಿದರೆ ಅಲ್ಲಿರುವ ಎಲ್ಲ ಮನೆಗಳ ಬೆಲೆ ಸೇರಿಸಿದರೂ ಅಷ್ಟಾಗಲಾರದು ಎಂದು ಅವನ ಅಭಿಪ್ರಾಯ. ನಷ್ಟದ ಖಾತೆ ಎಂದು ಮುಚ್ಚಿಬಿಡಬಹುದಾಗಿದ್ದ ಊರು.

ಅದನ್ನು ಎಬ್ಬಿಸಿದವರು ಪಕ್ಕದ ಲೂಯಿಸ್ ಪಟ್ಟಣದ ವೈದ್ಯ ರಿಚರ್ಡ್ ರಸೆಲ್. ಸಮುದ್ರದ ನೀರಿನಿಂದ ಗ್ರಂಥಿಗಳ ರೋಗ ವಾಸಿಯಾಗುತ್ತದೆ ಎಂದು ಅವರು 1750ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ಪುಸ್ತಕ ಬರೆದರು. ಸ್ನಾನ ಮಾತ್ರವಲ್ಲ, ಆ ನೀರನ್ನು ಕುಡಿಯಬೇಕು ಎಂದೂ ಹೇಳಿದರು. ಸ್ವಲ್ಪ ದಿನಕ್ಕೆ ಇಂಗ್ಲಿಷ್‌ನಲ್ಲೂ ಪುಸ್ತಕ ಬಂತು, ಜನ ನಂಬಿದರು. ರಸೆಲ್ 1753ರಲ್ಲಿ ಬ್ರೈಟನ್‌ನಲ್ಲೇ ದೊಡ್ಡ ಮನೆ ಕಟ್ಟಿದರು. ಮುಂಚೆ ಮನೆಗಳನ್ನು ನುಂಗಿದ್ದ ಅದೇ ಸಮುದ್ರ ಈಗ ಔಷಧಿ ಅಂಗಡಿ! ನೀರು ಬದಲಾಗಿರಲಿಲ್ಲ, ಅದರ ಬಗ್ಗೆ ಜನರ ಮನಸ್ಸಿನಲ್ಲಿದ್ದ ಅಭಿಪ್ರಾಯ ಮಾತ್ರ ಬದಲಾಗಿತ್ತು.

ಇದರಿಂದ ಮೀನುಗಾರರ ಮನೆಯವರಿಗೂ ಹೊಸ ಕೆಲಸ ಸಿಕ್ಕಿತು. ಶ್ರೀಮಂತ ಹೆಂಗಸರು ಚಕ್ರವಿರುವ ಮರದ ಗೂಡಿನೊಳಗೆ ಬಟ್ಟೆ ಬದಲಾಯಿಸುತ್ತಿದ್ದರು. ಕುದುರೆ ಅದನ್ನು ನೀರಿಗೆ ಎಳೆದೊಯ್ಯುತ್ತಿತ್ತು. ಅಲ್ಲಿ ಊರಿನ ಗಟ್ಟಿಮುಟ್ಟಾದ ಹೆಂಗಸರು ನಿಂತಿದ್ದು, ಬಂದವರನ್ನು ಹಿಡಿದು ತಣ್ಣನೆಯ ನೀರಿನಲ್ಲಿ ಮುಳುಗಿಸಿ ಎತ್ತುತ್ತಿದ್ದರು. ಅವರಲ್ಲಿ ಮಾರ್ಥಾ ಗನ್ ಎಂಬಾಕೆ ಎಷ್ಟು ಪ್ರಸಿದ್ಧಳೆಂದರೆ ಅವಳ ಚಿತ್ರಗಳನ್ನು ಅಚ್ಚು ಹಾಕಿ ಮಾರುತ್ತಿದ್ದರು. ಜನರನ್ನು ನೀರಿಗೆ ಅದ್ದುವುದೇ ಒಂದು ಉದ್ಯೋಗ ಎಂದರೆ ನಗು ಬರುತ್ತದೆ, ಆದರೆ ಸರ್ವಿಸ್ ಸೆಕ್ಟರ್ ಎಂದರೆ ಇದೇ ಅಲ್ಲವೇ.

1783ರಲ್ಲಿ ಯುವರಾಜ ಜಾರ್ಜ್ ಮೊದಲ ಸಲ ಬಂದ. ಸಾಲ ಮಾಡುವುದರಲ್ಲಿ ಎತ್ತಿದ ಕೈ. ಮೊದಲು ಒಂದು ತೋಟದ ಮನೆಯನ್ನು ಬಾಡಿಗೆಗೆ ಹಿಡಿದ, 1787ರಲ್ಲಿ ಅದನ್ನು ಬಂಗಲೆ ಮಾಡಿಸಿದ. ಆಮೇಲೆ 1815ರಿಂದ ಜಾನ್ ನ್ಯಾಶ್ ಎಂಬ ವಾಸ್ತುಶಿಲ್ಪಿ ಅದನ್ನು ಈಗ ನಾವು ಚಿತ್ರಗಳಲ್ಲಿ ನೋಡುವ ರಾಯಲ್ ಪೆವಿಲಿಯನ್ ಆಗಿ ಬದಲಾಯಿಸಿದ. ಹೊರಗೆ ಈರುಳ್ಳಿ ಆಕಾರದ ಗುಮ್ಮಟಗಳು, ಮಿನಾರುಗಳು, ಜಾಲಿ ಕೆಲಸ. ಒಳಗೆ ಹೋದರೆ ಚೀನಾದ ಡ್ರ್ಯಾಗನ್‌ಗಳು. ನ್ಯಾಶ್ ಭಾರತಕ್ಕೆ ಬಂದವನೇ ಅಲ್ಲ. ನಮ್ಮ ದೇಶ ಸುತ್ತಿ ಬಂದ ಡೇನಿಯಲ್ ಮನೆತನದ ಇಬ್ಬರು ಚಿತ್ರಕಾರರ ಪುಸ್ತಕಗಳನ್ನು ನೋಡಿ ಮಾಡಿದ್ದು. ನಿಜ ಹೇಳಬೇಕೆಂದರೆ ಮೊದಲ ಸಲ ಫೋಟೊ ನೋಡಿದಾಗ ನನಗೆ ಹೈವೇ ಪಕ್ಕದ ಶಾದಿ ಮಹಲ್ ನೆನಪಾಯಿತು. ಆದರೆ ವ್ಯಾಪಾರಕ್ಕೆ ಅದು ಕೊಟ್ಟ ಲಾಭ ದೊಡ್ಡದು. ರಾಜನೇ ಬರುವ ಊರು ಎಂದ ಮೇಲೆ ಬೇರೆ ಜಾಹೀರಾತು ಬೇಕಿರಲಿಲ್ಲ. 1801ರಲ್ಲಿ ಊರಿನ ಜನಸಂಖ್ಯೆ 7 ಸಾವಿರದ ಆಸುಪಾಸು, 1851ಕ್ಕೆ 65 ಸಾವಿರ ದಾಟಿತ್ತು.

ಈಗ ಚಂಪಿಯ ವಿಷಯಕ್ಕೆ ಬರುತ್ತೇನೆ. ಶೇಖ್ ದೀನ್ ಮೊಹಮ್ಮದ್ ಹುಟ್ಟಿದ್ದು 1759ರಲ್ಲಿ, ಪಟ್ನಾದಲ್ಲಿ. ಹುಡುಗನಾಗಿರುವಾಗಲೇ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೈನ್ಯದ ಜೊತೆ ಸೇರಿಕೊಂಡರು. ತಮ್ಮ ಸೇನಾಧಿಕಾರಿಯ ಹಿಂದೆಯೇ 1784ರಲ್ಲಿ ಐರ್ಲೆಂಡಿನ ಕಾರ್ಕ್ ಎಂಬ ಊರಿಗೆ ಹೋದರು. ಅಲ್ಲಿ ಜೇನ್ ಡೇಲಿ ಎಂಬಾಕೆಯನ್ನು ಮದುವೆಯಾದರು, ಇಂಗ್ಲಿಷರ ಚರ್ಚಿಗೆ ಸೇರಿದರು. (ಈ ಮಾತು ಕೇಳಿ ನಮ್ಮ ದಾದಿ ಸ್ವಲ್ಪ ಹೊತ್ತು ಸುಮ್ಮನಾದರು. ಹೆಸರನ್ನು ಮಾತ್ರ ಅವರು ಕೊನೆಯವರೆಗೂ ಬದಲಾಯಿಸಲಿಲ್ಲ ಎಂದೆ.) 1794ರಲ್ಲಿ ತಮ್ಮ ಪ್ರವಾಸದ ಬಗ್ಗೆ ಪುಸ್ತಕ ಬರೆದರು. ಭಾರತೀಯರೊಬ್ಬರು ಇಂಗ್ಲಿಷ್‌ನಲ್ಲಿ ಬರೆದು ಪ್ರಕಟಿಸಿದ ಮೊದಲ ಪುಸ್ತಕ ಅದು.

ಆಮೇಲೆ ಲಂಡನ್ನಿಗೆ ಹೋದರು. 1810ರಲ್ಲಿ ಅಲ್ಲಿ ಹಿಂದೂಸ್ತಾನಿ ಕಾಫಿ ಹೌಸ್ ತೆರೆದರು. ಹೆಸರಿಗೆ ಕಾಫಿ, ಮಾರುತ್ತಿದ್ದದ್ದು ಭಾರತದ ಸಾರು, ಅನ್ನ. ಕೂರಲು ಬಿದಿರಿನ ಕುರ್ಚಿ, ಸೇದಲು ಹುಕ್ಕಾ. ಭಾರತದಲ್ಲಿ ಕೆಲಸ ಮಾಡಿ ಹಿಂತಿರುಗಿದ ದೊರೆಗಳು ಬರುತ್ತಾರೆ ಎಂಬುದು ಅವರ ಲೆಕ್ಕ. ಆದರೆ ಅಂಥ ದೊರೆಗಳ ಮನೆಯಲ್ಲೇ ಭಾರತದ ಅಡುಗೆ ಮಾಡುವವರಿದ್ದರೆ ಅವರು ಹೋಟೆಲಿಗೇಕೆ ಬರಬೇಕು? 1812ರಲ್ಲಿ ದಿವಾಳಿ ಅರ್ಜಿ ಹಾಕಬೇಕಾಯಿತು. ಆಗ ಅವರಿಗೆ 50ರ ಮೇಲೆ ವಯಸ್ಸು, ಮನೆ ತುಂಬ ಮಕ್ಕಳು. ಈ ಜಾಗದಲ್ಲಿ ನಾನು ಓದುವುದನ್ನು ಸ್ವಲ್ಪ ನಿಲ್ಲಿಸಿದೆ. ಅಬ್ಬಾನ ಅಂಗಡಿ ಒಂದು ವರ್ಷ ಮುಚ್ಚಿದ್ದಾಗ ಮನೆ ಹೇಗಿತ್ತು ಎಂದು ನನಗೆ ಗೊತ್ತು.

1814ರ ಹೊತ್ತಿಗೆ ಅವರು ಬ್ರೈಟನ್‌ಗೆ ಬಂದರು. ಸಮುದ್ರದ ನೀರಿನಿಂದ ರೋಗ ವಾಸಿ ಎಂದು ಜನ ಆಗಲೇ ನಂಬಿದ್ದ ಊರು. ಆ ನಂಬಿಕೆಗೆ ಅವರು ಒಂದು ಹೊಸ ಸರಕು ಸೇರಿಸಿದರು. ರೋಗಿಯನ್ನು ಗಿಡಮೂಲಿಕೆ ಹಾಕಿದ ಬಿಸಿ ಆವಿಯಲ್ಲಿ ಬೆವರಿಸುವುದು, ಆಮೇಲೆ ಮೈಯನ್ನು ಒತ್ತಿ ತಿಕ್ಕುವುದು. ಆವಿ ನಿಲ್ಲಲು ಫ್ಲಾನಲ್ ಬಟ್ಟೆಯ ಗುಡಾರ. ಅದಕ್ಕೆ ಅಂಗಿ ತೋಳಿನಂತೆ ತೋಳುಗಳು, ಹೊರಗೆ ನಿಂತವರು ಅವುಗಳಲ್ಲಿ ಕೈ ತೂರಿಸಿ ಒಳಗಿದ್ದವರ ಮೈ ತಿಕ್ಕುತ್ತಿದ್ದರು. ಇದಕ್ಕೆ ಅವರಿಟ್ಟ ಹೆಸರು ಶಾಂಪೂಯಿಂಗ್. ಆಗ ಶಾಂಪೂ ಎಂದರೆ ಕೂದಲು ತೊಳೆಯುವುದಲ್ಲ, ಮೈ ಒತ್ತುವುದು. ಕೂದಲಿನ ಅರ್ಥ ಬಂದದ್ದು ಎಷ್ಟೋ ವರ್ಷಗಳ ನಂತರ. ಹಾಗಾಗಿ ಪದದ ಹಳೆಯ ಅರ್ಥ ಉಳಿದಿರುವುದು ಶಾಂಪೂ ಕಂಪನಿಗಳಲ್ಲಲ್ಲ, ದಾದಿಯ ಬೆರಳುಗಳಲ್ಲಿ.

ದೀನ್ ಮೊಹಮ್ಮದ್ ಅವರ ಮಾರ್ಕೆಟಿಂಗ್ ನೋಡಿದರೆ ನಮ್ಮ ಬಿಸಿನೆಸ್ ಸ್ಟಡೀಸ್ ಪುಸ್ತಕದವರು ನಾಚಬೇಕು. ವಾಸಿಯಾದ ರೋಗಿಗಳು ಬಿಟ್ಟುಹೋದ ಊರುಗೋಲುಗಳನ್ನು ಬಾಗಿಲ ಹತ್ತಿರವೇ ನೇತುಹಾಕಿದ್ದರು. ರೋಗಿಗಳ ಮೆಚ್ಚುಗೆ ಪತ್ರಗಳನ್ನು ಸೇರಿಸಿ ಪುಸ್ತಕ ಮಾಡಿಸಿದರು. 1821ರಲ್ಲಿ ಸಮುದ್ರದ ಎದುರಿಗೇ ದೊಡ್ಡ ಸ್ನಾನಗೃಹ ತೆರೆಯಿತು. ಅದರ ಹೆಸರು ಮೊಹಮ್ಮದ್ಸ್ ಬಾತ್ಸ್. ನಾಲ್ಕನೇ ಜಾರ್ಜ್, ಅವನ ನಂತರ ನಾಲ್ಕನೇ ವಿಲಿಯಂ, ಹೀಗೆ ಇಬ್ಬರು ರಾಜರಿಗೆ ಅವರು ಶಾಂಪೂಯಿಂಗ್ ಸರ್ಜನ್ ಎಂದು ನೇಮಕವಾದರು. ಕುದುರೆ ರೇಸಿನ ದಿನ ಅವರು ಆಸ್ಥಾನದ ಉಡುಪು ಹಾಕಿಕೊಂಡು ಹೋಗುತ್ತಿದ್ದರು. ಆ ರೇಷ್ಮೆ ಉಡುಪಿನ ಚಿತ್ರ ಈಗಲೂ ಇದೆ. ಚಿತ್ರದಲ್ಲಿ ಅವರ ಮುಖ ನನಗೆ ನಮ್ಮ ಮೊಹಲ್ಲಾದ ಹಿರಿಯರೊಬ್ಬರ ಹಾಗೆಯೇ ಕಂಡಿತು.

ಆದರೆ ಕಟ್ಟಡದಲ್ಲಿ ಹಾಕಿದ್ದ ಹಣ ಬಹುಪಾಲು ಒಬ್ಬ ಇಂಗ್ಲಿಷ್ ಪಾಲುದಾರನದು. 1840ರ ದಶಕದ ಆರಂಭದಲ್ಲಿ ಅವನು ತೀರಿಕೊಂಡಾಗ ಸ್ನಾನಗೃಹ ಹರಾಜಿಗೆ ಬಂತು. ದೀನ್ ಮೊಹಮ್ಮದ್ ಅವರ ಹತ್ತಿರ ಅದನ್ನು ಕೊಳ್ಳುವಷ್ಟು ಹಣವಿರಲಿಲ್ಲ. ಪಾಲುದಾರ ಸತ್ತಾಗ ಅವನ ಪಾಲಿನ ಗುಡ್‌ವಿಲ್ ಅನ್ನು ಅವನ ವಾರಸುದಾರರ ಖಾತೆಗೆ ಹಾಕಬೇಕು ಎಂದು ನಾವು ಜರ್ನಲ್ ಎಂಟ್ರಿ ಬರೆಯುತ್ತೇವೆ. ಇಲ್ಲಿ ಬಾಗಿಲ ಮೇಲೆ ಇದ್ದದ್ದು ಬದುಕಿದ್ದವರ ಹೆಸರು, ಬಂದ ರೋಗಿಗಳೆಲ್ಲ ಅವರ ಕೈಗುಣ ನಂಬಿ ಬಂದವರು. ಆದರೂ ಹೊರಗೆ ಹೋದವರು ಅವರೇ. ಕ್ಲಾಸಿನಲ್ಲಿ ಸರ್ ಅವರಿಗೆ ಈ ಲೆಕ್ಕ ಕೊಟ್ಟೆ. ಅವರು ನಕ್ಕು, ಪಾರ್ಟ್ನರ್‌ಶಿಪ್ ಡೀಡ್‌ನಲ್ಲಿ ಏನಿತ್ತೋ ನೋಡಬೇಕಪ್ಪ ಎಂದರು.

ಅವರ ಸ್ನಾನಗೃಹ ಕೈಬಿಡುವ ಹೊತ್ತಿಗೆ ಊರಿನ ಗಿರಾಕಿಯೂ ಬದಲಾಗುತ್ತಿದ್ದ. 1841ರ ಸೆಪ್ಟೆಂಬರ್ 21ರಂದು ಲಂಡನ್‌ನಿಂದ ರೈಲು ಬಂತು. ಕುದುರೆ ಗಾಡಿಯಲ್ಲಿ ಐದಾರು ಗಂಟೆಯ ದಾರಿ ಎರಡು ಗಂಟೆಗೆ ಇಳಿಯಿತು. ಸ್ವಲ್ಪ ವರ್ಷಗಳಲ್ಲಿ ಕಡಿಮೆ ದರದ ವಿಶೇಷ ರೈಲುಗಳಲ್ಲಿ ಲಂಡನ್ನಿನ ಗುಮಾಸ್ತರು, ಕೂಲಿಯವರು, ಮನೆಗೆಲಸದ ಹುಡುಗಿಯರು ಒಂದು ದಿನದ ಮಟ್ಟಿಗೆ ಸಮುದ್ರ ನೋಡಲು ಬರತೊಡಗಿದರು. ರಾಣಿ ವಿಕ್ಟೋರಿಯಾಗೆ ಇದು ಹಿಡಿಸಲಿಲ್ಲ. ಹೊರಗೆ ಕಾಲಿಟ್ಟರೆ ಜನ ಮುತ್ತಿಕೊಳ್ಳುತ್ತಾರೆ, ಅರಮನೆಯ ಸುತ್ತ ಕಟ್ಟಡಗಳೆದ್ದು ಕಿಟಕಿಯಿಂದ ಸಮುದ್ರವೂ ಸರಿಯಾಗಿ ಕಾಣುವುದಿಲ್ಲ. 1845ರ ನಂತರ ಆಕೆ ಅಲ್ಲಿಗೆ ಬರಲಿಲ್ಲ. 1850ರಲ್ಲಿ ಊರಿನವರೇ ಸೇರಿ 53,000 ಪೌಂಡಿಗೆ ಅರಮನೆಯನ್ನು ಕೊಂಡರು. ಈ ಇಸವಿಯನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ರಾಜ ಹೋದರೂ ಊರು ಸೋಲಲಿಲ್ಲ. ಶ್ರೀಮಂತರು ನೂರು ಜನರ ಬದಲು ಬಡವರು ಸಾವಿರಾರು ಬಂದರೆ ಲಾಭ ಕಡಿಮೆಯೇನಲ್ಲ. 1866ರಲ್ಲಿ ಸಮುದ್ರದೊಳಕ್ಕೆ ಚಾಚಿದ ವೆಸ್ಟ್ ಪಿಯರ್ ಕಟ್ಟಿದರು, 1899ರಲ್ಲಿ ಪ್ಯಾಲೇಸ್ ಪಿಯರ್. ಹಡಗಿಗಾಗಿ ಅಲ್ಲ, ಕಾಸು ಕೊಟ್ಟು ನೀರಿನ ಮೇಲೆ ನಡೆದು ಗಾಳಿ ತಿನ್ನಲು! 1883ರಲ್ಲಿ ಮ್ಯಾಗ್ನಸ್ ವೋಕ್ ಎಂಬುವರು ದಡದಲ್ಲಿ ಹಾಕಿದ ಪುಟ್ಟ ವಿದ್ಯುತ್ ರೈಲು ಇಂದಿಗೂ ಓಡುತ್ತದೆ. ಈಗ ಓಡುತ್ತಿರುವ ವಿದ್ಯುತ್ ರೈಲುಗಳಲ್ಲಿ ಜಗತ್ತಿನಲ್ಲೇ ಅತ್ಯಂತ ಹಳೆಯದು.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಫ್ರಾನ್ಸಿನ ಕೆಸರು ಹೊಂಡಗಳಲ್ಲಿ ಗಾಯಗೊಂಡ ಭಾರತದ ಸೈನಿಕರನ್ನು ಹಡಗಿನಲ್ಲಿ ತಂದು ಬ್ರೈಟನ್‌ನಲ್ಲಿ ಇಳಿಸಿಕೊಂಡರು. ಹೆಚ್ಚಿನವರು ಪಂಜಾಬ್, ಗಢವಾಲ್, ನೇಪಾಳ, ಗಡಿನಾಡು ಪ್ರಾಂತ್ಯದವರು. (ನಮ್ಮ ಮೈಸೂರು ಲ್ಯಾನ್ಸರ್ಸ್ ಇಲ್ಲಿಗೆ ಬರಲಿಲ್ಲ, ಅವರನ್ನು ಈಜಿಪ್ಟ್, ಪ್ಯಾಲೆಸ್ಟೈನ್ ಕಡೆ ಕಳುಹಿಸಿದ್ದರು.) ಡಿಸೆಂಬರ್ ತಿಂಗಳಿನಲ್ಲಿ ಪೆವಿಲಿಯನ್ ಅರಮನೆಯೇ ಆಸ್ಪತ್ರೆಯಾಯಿತು. ಪಕ್ಕದ ಕುದುರೆ ಲಾಯದ ಕಟ್ಟಡಗಳೂ ಸೇರಿ 700ಕ್ಕಿಂತ ಹೆಚ್ಚು ಹಾಸಿಗೆಗಳು. ರಾಜ ಕುಣಿದು ತಿಂದ ಹಾಲ್‌ಗಳಲ್ಲಿ ಸಾಲಾಗಿ ಮಂಚಗಳು, ಮೇಲೆ ಡ್ರ್ಯಾಗನ್‌ಗಳ ದೀಪಗೊಂಚಲು. ಅರಮನೆಯ ದೊಡ್ಡ ಅಡುಗೆಮನೆಯನ್ನು ಆಪರೇಷನ್ ಥಿಯೇಟರ್ ಮಾಡಿದ್ದರು.

ವ್ಯವಸ್ಥೆ ಚೆನ್ನಾಗಿಯೇ ಇತ್ತು. ಜಾತಿ, ಧರ್ಮಗಳ ಪ್ರಕಾರ ಒಂಬತ್ತು ಅಡುಗೆಮನೆಗಳು. ಪ್ರತಿ ವಾರ್ಡಿನಲ್ಲಿ ಹಿಂದೂಗಳಿಗೆ ಒಂದು, ಮುಸ್ಲಿಮರಿಗೆ ಒಂದು ನಲ್ಲಿ. ಮಾಂಸಕ್ಕೆ ಅವರವರ ಪದ್ಧತಿಯಂತೆ ಪ್ರತ್ಯೇಕ ಏರ್ಪಾಡು. ಸಿಖ್ಖರಿಗೆ ಗುರುದ್ವಾರದ ಗುಡಾರ. ಅರಮನೆಯ ಮುಂದಿನ ಹುಲ್ಲಿನ ಮೇಲೆ ಮುಸ್ಲಿಮರು ಕಿಬ್ಲಾ ಕಡೆ ಮುಖಮಾಡಿ ನಮಾಜ್ ಮಾಡಲು ಜಾಗ. ಹಿಂದೆ ನಿಂತಿದ್ದ ಗುಮ್ಮಟಗಳು ಮಸೀದಿಯವಲ್ಲ, ಒಬ್ಬ ರಾಜನ ಶೋಕಿಯವು. ಆದರೂ ಸಮುದ್ರ ದಾಟಿ ಬಂದ ಒಬ್ಬ ಹಳ್ಳಿಯ ಸಿಪಾಯಿಗೆ ಸುಜೂದ್‌ನಿಂದ ತಲೆ ಎತ್ತಿದಾಗ ಅವು ಹೇಗೆ ಕಂಡಿರಬಹುದು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. 1915ರ ಆಗಸ್ಟ್ 25ರಂದು ಐದನೇ ಜಾರ್ಜ್ ಇದೇ ಹುಲ್ಲಿನ ಮೇಲೆ ಜಮಾದಾರ್ ಮೀರ್ ದಸ್ತ್ ಅವರಿಗೆ ವಿಕ್ಟೋರಿಯಾ ಕ್ರಾಸ್ ತೊಡಿಸಿದ. ಈಪ್ರ ಎಂಬಲ್ಲಿ ವಿಷಾನಿಲದ ನಡುವೆ ಗಾಯಾಳುಗಳನ್ನು ಹೊತ್ತು ತಂದವರು ಅವರು.

ಇಷ್ಟೆಲ್ಲ ಏಕೆ ಮಾಡಿದರು? ಕರುಣೆಯೂ ಇತ್ತು, ಜಾಹೀರಾತೂ ಇತ್ತು. ಫೋಟೊಗಳನ್ನು ತೆಗೆಸಿ, ಇಂಗ್ಲಿಷ್, ಗುರುಮುಖಿ, ಉರ್ದುವಿನಲ್ಲಿ ಪುಸ್ತಿಕೆ ಅಚ್ಚು ಹಾಕಿಸಿದರು. ಸಾಮ್ರಾಟರು ತಮ್ಮ ಅರಮನೆಯನ್ನೇ ಸೈನಿಕರಿಗೆ ಬಿಟ್ಟುಕೊಟ್ಟಿದ್ದಾರೆ ಎಂಬ ಭಾವನೆ ಭಾರತದ ಹಳ್ಳಿಗಳಿಗೆ ತಲುಪಬೇಕು, ಇನ್ನಷ್ಟು ಹುಡುಗರು ಸೈನ್ಯಕ್ಕೆ ಸೇರಬೇಕು. ಈಗ 1850 ನೆನಪಿಸಿಕೊಳ್ಳಿ. ಅರಮನೆ ರಾಜನದಾಗಿ ಉಳಿದಿರಲೇ ಇಲ್ಲ, 64 ವರ್ಷಗಳ ಹಿಂದೆಯೇ ಅದು ಊರಿನವರ ಆಸ್ತಿ. ಮಾರಿದ ಮಾಲನ್ನು ದಾನ ಎಂದು ತೋರಿಸಿದಂತಾಯಿತು.

ಅದೇ ಊರಿನ ಇನ್ನೊಂದು ಭಾರತೀಯ ಆಸ್ಪತ್ರೆ, ಕಿಚನರ್ ಆಸ್ಪತ್ರೆ, ಮೊದಲು ಬಡವರನ್ನು ಇಡುತ್ತಿದ್ದ ಕಟ್ಟಡ. ಅಲ್ಲಿ ಸುತ್ತ ಮುಳ್ಳುತಂತಿ, ಕಾವಲು. ಇಂಗ್ಲಿಷ್ ಹೆಂಗಸರ ಜೊತೆ ಮಾತಾಡಿಯಾರು ಎಂಬ ಹೆದರಿಕೆಯಿಂದ ಗಾಯಾಳುಗಳನ್ನು ಹೊರಗೆ ಬಿಡುತ್ತಿರಲಿಲ್ಲ. ಸೈನಿಕರ ಕಾಗದಗಳನ್ನು ಸರ್ಕಾರ ಒಡೆದು ಓದಿ ಅನುವಾದಿಸಿ ಇಟ್ಟುಕೊಳ್ಳುತ್ತಿತ್ತು, ಆ ಅನುವಾದಗಳು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಇಲ್ಲಿ ಸ್ವರ್ಗದಂತಿದೆ ಎಂದು ಬರೆದವರೂ ಇದ್ದಾರೆ. ಕಾಗದ ಒಡೆಯುತ್ತಾರೆಂದು ಗೊತ್ತಿದ್ದು, ಕರಿಮೆಣಸು, ಕೆಂಪು ಮೆಣಸು ಎಂದು ಗುಟ್ಟಿನ ಭಾಷೆಯಲ್ಲಿ ಬರೆದವರೂ ಇದ್ದಾರೆ. ಕರಿಮೆಣಸು ಎಂದರೆ ನಮ್ಮವರು, ಕೆಂಪು ಎಂದರೆ ಬಿಳಿಯರು. ಯಾವ ಮೆಣಸು ಹೆಚ್ಚು ಖರ್ಚಾಗುತ್ತಿದೆ ಎಂದು ಊರಿನವರಿಗೆ ತಿಳಿಸಲು ಅಷ್ಟು ಸಾಕಾಗಿತ್ತು.

ಆಸ್ಪತ್ರೆಗಳಲ್ಲಿ ತೀರಿಕೊಂಡ 53 ಹಿಂದೂ ಮತ್ತು ಸಿಖ್ ಸೈನಿಕರ ಅಂತ್ಯಕ್ರಿಯೆ ಊರ ಹಿಂದಿನ ಪ್ಯಾಚಮ್ ಗುಡ್ಡದ ಮೇಲೆ ನಡೆಯಿತು. ಆ ಜಾಗದಲ್ಲಿ 1921ರಿಂದ ಬಿಳಿ ಅಮೃತಶಿಲೆಯ ಛತ್ರಿ ಇದೆ. ಮುಸ್ಲಿಮರ ಜನಾಝಾವನ್ನು ವೋಕಿಂಗ್‌ಗೆ ಒಯ್ಯುತ್ತಿದ್ದರು. ಭೋಪಾಲದ ಬೇಗಂ ಶಾಹ್ ಜಹಾನ್ ಅವರ ಹೆಸರಿನಲ್ಲಿ 1889ರಲ್ಲಿ ಕಟ್ಟಿದ ಮಸೀದಿ ಅಲ್ಲಿದೆ, ಅದರ ಹತ್ತಿರವೇ ಅವರಿಗಾಗಿ ಖಬರಸ್ತಾನ್ ಮಾಡಿದರು. ಪೆವಿಲಿಯನ್‌ನ ದಕ್ಷಿಣದ ದ್ವಾರವನ್ನು ಭಾರತದ ಕಡೆಯಿಂದ ಕೃತಜ್ಞತೆಯ ಕಾಣಿಕೆ ಎಂದು 1921ರ ಅಕ್ಟೋಬರ್‌ನಲ್ಲಿ ಪಟಿಯಾಲದ ಮಹಾರಾಜರು ಉದ್ಘಾಟಿಸಿದರು. ಸತ್ತವರು ಯಾರು, ಧನ್ಯವಾದ ಹೇಳಬೇಕಾದವರು ಯಾರು ಎಂದು ನನಗೆ ಇಲ್ಲಿ ಡೆಬಿಟ್, ಕ್ರೆಡಿಟ್ ಅದಲುಬದಲಾದಂತೆ ಕಾಣುತ್ತದೆ.

ಆಮೇಲಿನ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 1960ರ ನಂತರ ಇಂಗ್ಲಿಷರು ವಿಮಾನ ಹತ್ತಿ ಸ್ಪೇನಿನ ಬಿಸಿಲಿಗೆ ಹೋಗತೊಡಗಿದರು. ಇಂಗ್ಲೆಂಡಿನ ಎಷ್ಟೋ ಕಡಲೂರುಗಳು ಸೊರಗಿದವು. ಬ್ರೈಟನ್ ಲಂಡನ್ನಿಗೆ ಒಂದು ಗಂಟೆಯ ದೂರದಲ್ಲಿದ್ದುದರಿಂದ ಉಳಿಯಿತು. ದಿನವೂ ಲಂಡನ್ನಿಗೆ ಕೆಲಸಕ್ಕೆ ಹೋಗಿಬರುವವರು ಮನೆ ಮಾಡಿದರು. 1961ರಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯ ಬಂತು. ರಾಜಕೀಯ ಪಕ್ಷಗಳು ಸಮಾವೇಶಕ್ಕೆ ಬಂದವು. 1984ರಲ್ಲಿ ಅಂಥ ಒಂದು ಸಮಾವೇಶದ ವೇಳೆ ಗ್ರ್ಯಾಂಡ್ ಹೋಟೆಲಿನಲ್ಲಿ ಬಾಂಬ್ ಸ್ಫೋಟಿಸಿ ಐವರು ಸತ್ತರು, ಪ್ರಧಾನಿ ಥ್ಯಾಚರ್ ಉಳಿದುಕೊಂಡರು. ಪಕ್ಕದ ಹೋವ್ ಜೊತೆ ಸೇರಿ ಈಗ ಅದು ನಗರ, 2021ರ ಜನಗಣತಿಯಲ್ಲಿ ಸುಮಾರು 2 ಲಕ್ಷ 77 ಸಾವಿರ ಜನ.

ನಂಬಿಕೆ ಮಾರುವ ವ್ಯಾಪಾರದಲ್ಲಿ ಪ್ರತಿ ಸಲವೂ ಗೆಲ್ಲಲಾಗುವುದಿಲ್ಲ. ವೆಸ್ಟ್ ಪಿಯರ್ 1975ರಲ್ಲಿ ಮುಚ್ಚಿತು, 2003ರಲ್ಲಿ ಬೆಂಕಿಗೆ ಸಿಕ್ಕಿ ಈಗ ಬರೀ ಕಬ್ಬಿಣದ ಎಲುಬು ನೀರಿನಲ್ಲಿ ನಿಂತಿದೆ. ಅದರ ಎದುರು 2016ರಲ್ಲಿ ಐ360 ಎಂಬ 162 ಮೀಟರ್ ಎತ್ತರದ ಗೋಪುರ ತೆರೆಯಿತು. ಗಾಜಿನ ಕೋಣೆಯಲ್ಲಿ ಕೂತು ಮೇಲೇರಿ ಊರು ನೋಡುವುದು. ನಗರಸಭೆ ಅದಕ್ಕೆ 3 ಕೋಟಿ 60 ಲಕ್ಷ ಪೌಂಡ್ ಸಾಲ ಕೊಡಿಸಿತ್ತು. ಅಂದಾಜಿನಷ್ಟು ಜನ ಬರಲಿಲ್ಲ, ಬಡ್ಡಿ ಬೆಳೆಯಿತು, 2024ರ ಕೊನೆಗೆ ಕಂಪನಿ ಕೈಚೆಲ್ಲಿತು. ಡೆಫೊ ಲೆಕ್ಕ ಹಾಕಿದ ಆ 8,000 ಪೌಂಡ್ ನೆನಪಾಯಿತು.

ದೀನ್ ಮೊಹಮ್ಮದ್ ಅವರ ಸ್ನಾನಗೃಹ ಇದ್ದ ಜಾಗದಲ್ಲಿ ಈಗ ಕ್ವೀನ್ಸ್ ಹೋಟೆಲ್ ಇದೆ. ಅವರ ಮೊಮ್ಮಗ ಫ್ರೆಡರಿಕ್ ಅಕ್ಬರ್ ಮೊಹಮ್ಮದ್ ಲಂಡನ್ನಿನಲ್ಲಿ ವೈದ್ಯರಾಗಿ ರಕ್ತದೊತ್ತಡದ ಬಗ್ಗೆ ಮೊದಲ ದೊಡ್ಡ ಸಂಶೋಧನೆಗಳನ್ನು ಮಾಡಿದರು. ಅಜ್ಜ ತೀರಿಕೊಂಡದ್ದು 1851ರ ಫೆಬ್ರವರಿಯಲ್ಲಿ, ಸಮಾಧಿ ಬ್ರೈಟನ್‌ನ ಸೇಂಟ್ ನಿಕೋಲಸ್ ಚರ್ಚಿನ ಅಂಗಳದಲ್ಲಿದೆ. ಕಲ್ಲಿನ ಮೇಲೆ ವಯಸ್ಸು 101 ಎಂದು ಕೆತ್ತಿದೆ. ಅವರ ಮೊದಲ ಪುಸ್ತಕದ ಪ್ರಕಾರ ಲೆಕ್ಕ ಹಾಕಿದರೆ ಅಷ್ಟಾಗುವುದಿಲ್ಲ, ಹತ್ತು ವರ್ಷ ಹೆಚ್ಚು. ಸೈನ್ಯಕ್ಕೆ ಸೇರುವ ಮೊದಲೇ ವೈದ್ಯಕೀಯ ಕಲಿತಿದ್ದೆ ಎಂದು ಬ್ರೈಟನ್ನಿನ ಗಿರಾಕಿಗಳಿಗೆ ಹೇಳಲು ಅವರಿಗೆ ಒಂದಷ್ಟು ವರ್ಷಗಳು ಬೇಕಾಗಿದ್ದವು, ಅದಕ್ಕಾಗಿ ಹುಟ್ಟಿದ ಇಸವಿಯನ್ನೇ ಹಿಂದಕ್ಕೆ ತಳ್ಳಿದ್ದರು. ಆ ಹತ್ತು ವರ್ಷಗಳು ಇನ್ನೂ ಕಲ್ಲಿನ ಮೇಲೆಯೇ ಇವೆ.